ಅತ್ತೆಯ ಎಡಗೈ, ಹಳೇ ಗಾಡಿಯ ಕ್ಲಚ್ಚು

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಕಟ್ಟಿದವರು ನಮ್ಮ ಮನೆಗೆ ಬಂದು ನೋಡಿಲ್ಲ. ನಮ್ಮಲ್ಲಿ ಎಲ್ಲ ಕಾಲವೂ ಅತ್ತೆಯದೇ. ಬೇರೆ ಸೊಸೆಯರು ಒಲೆ ಮುಂದೆ ನಿಂತು ಬೈಸಿಕೊಳ್ಳುತ್ತಾರೆ. ನಾನು ಗ್ಯಾರೇಜಿನಲ್ಲಿ ಕಾರ್ಬುರೇಟರ್ ಬಿಚ್ಚಿಟ್ಟುಕೊಂಡು, ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಬೈಸಿಕೊಂಡೆ. ಸ್ಪ್ಯಾನರ್ ಹಿಡಿಯಲು ಕಲಿಸಿದವರು ಅವರೇ, ಹಿಡಿದದ್ದು ಸರಿಯಿಲ್ಲ ಎಂದು ಕಿತ್ತುಕೊಂಡವರೂ ಅವರೇ. ನನಗೂ ಮೂಗಿನ ತುದಿಯಲ್ಲೇ ಕೋಪ. ಹಾಗಾಗಿ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿಕೆಯಾಯಿತು.

ಮನೆಯ ಮುಂಭಾಗವೇ ಗ್ಯಾರೇಜು, ಹಿಂಭಾಗ ಅಡುಗೆಮನೆ, ನಡುವೆ ಎಣ್ಣೆ ಕಲೆಗಳ ಒಂದು ಪರದೆ. ಬರುವುದೆಲ್ಲ ಹಳೇ ಕಾಲದ ಕಾಡುಗಾಡಿಗಳು. ಮಣ್ಣಿನಲ್ಲಿ, ಕಲ್ಲಿನಲ್ಲಿ, ಗುಡ್ಡದಲ್ಲಿ ಓಡಲೆಂದು ಮಾಡಿದ, ಎತ್ತರದ ಮಡ್‌ಗಾರ್ಡಿನ, ಗಂಟುಗಂಟು ಟೈರಿನ ಬೈಕುಗಳು. ಗುಜರಿಯಲ್ಲಿ ಸತ್ತು ಬಿದ್ದದ್ದನ್ನು ಯಾರೋ ಆಸೆಪಟ್ಟು ಎತ್ತಿಕೊಂಡು ಬರುತ್ತಾರೆ, ನಾವು ಎಬ್ಬಿಸಿ ನಿಲ್ಲಿಸುತ್ತೇವೆ. ನಿಂತ ಮೇಲೆ ಎಲ್ಲರದೂ ಒಂದೇ ಗೋಳು: "ಕ್ಲಚ್ಚು ಕಲ್ಲಾಗಿದೆ, ಎಳೆದರೆ ಮೊಣಕೈವರೆಗೆ ನರ ಹಿಡಿದುಕೊಳ್ಳುತ್ತೆ."

ಅದನ್ನು ಹಗುರ ಮಾಡುವುದರಲ್ಲಿ ಅತ್ತೆಯ ಹೆಸರು ದೊಡ್ಡದು. ಅವರದೊಂದು ಕ್ರಮವಿದೆ. ಮೊದಲು ಕೇಬಲ್ ನೋಡು. ಒಳಗೆ ತುಕ್ಕು ಹಿಡಿದಿದ್ದರೆ ಅರ್ಧ ಭಾರ ಅಲ್ಲೇ ಇರುತ್ತದೆ. ಆಮೇಲೆ ಅದು ಹಾದುಹೋಗುವ ದಾರಿ ನೋಡು, ಎಲ್ಲಾದರೂ ಮುರಿದಂತೆ ಬಾಗಿದ್ದರೆ ದೊಡ್ಡ ಸುತ್ತು ಕೊಡು. ಆಮೇಲೆ ಹ್ಯಾಂಡಲಿನ ಲಿವರ್. ಆಮೇಲೆ ಕೆಳಗೆ ಇಂಜಿನ್ನಿನ ಹತ್ತಿರ ಕೇಬಲ್ಲಿನ ಇನ್ನೊಂದು ತುದಿ ಸಿಕ್ಕಿಸುವ ಚಿಕ್ಕ ಕಬ್ಬಿಣದ ತೋಳು. ಇಂಜಿನ್ ಒಳಗೆ ಪ್ಲೇಟುಗಳನ್ನು ಒತ್ತಿ ಹಿಡಿದಿರುವ ಸ್ಪ್ರಿಂಗುಗಳ ಸುದ್ದಿಗೆ ಹೋಗುವುದು ಎಲ್ಲಕ್ಕಿಂತ ಕೊನೆಗೆ. "ಸ್ಪ್ರಿಂಗು ಕಡೇ ಮಾತು, ಅದನ್ನ ಮೊದಲೇ ಆಡಬಾರದು" ಎನ್ನುತ್ತಿದ್ದರು.

ಗ್ಯಾರೇಜಿಗೆ ಇನ್ನೊಂದು ನಿಯಮವೂ ಇತ್ತು. ಯಾರು ಯಾವ ಗಾಡಿಗೆ ಕೈ ಹಾಕಿದರೂ ಅದರ ಹ್ಯಾಂಡಲಿಗೆ ಒಂದು ಬಟ್ಟೆ ಚೂರು ಕಟ್ಟಬೇಕು. ಬಟ್ಟೆ ಕಂಡರೆ ಇನ್ನೊಬ್ಬರು ಕೇಳದೆ ಮುಟ್ಟುವ ಹಾಗಿಲ್ಲ. ಒಂದು ಗಾಡಿಗೆ ಇಬ್ಬರು ವೈದ್ಯರಾದರೆ ರೋಗಿ ಉಳಿಯುವುದಿಲ್ಲವಂತೆ.

ಅತ್ತೆಯ ಸ್ವಂತ ಗಾಡಿಗೆ ಮಾತ್ರ ಯಾರೂ ಬಟ್ಟೆ ಕಟ್ಟಿದ್ದಿಲ್ಲ. ಅವರು ಕೆಲಸದಲ್ಲಿದ್ದಾಗ ವಿದ್ಯುತ್ ಇಲಾಖೆಯ ಟವರುಗಳ ಸಾಲು ತಪಾಸಣೆ ಮಾಡುತ್ತ ಗುಡ್ಡ ಹತ್ತಿ ಇಳಿಯುತ್ತಿದ್ದದ್ದು ಅದರ ಮೇಲೆ. ಇಲಾಖೆ ಅದನ್ನು ಮೂಲೆಗೆ ಎಸೆದಾಗ ಮನೆಗೆ ತಂದರು. ಊರವರ ಕ್ಲಚ್ಚನ್ನೆಲ್ಲ ಹಗುರ ಮಾಡಿದ ಹೆಂಗಸು ತನ್ನದನ್ನು ಮಾತ್ರ ಹುಟ್ಟಿದ ಹಾಗೇ ಇಟ್ಟುಕೊಂಡಿದ್ದರು. ಅದನ್ನು ಎಳೆದರೆ ನನಗೇ ಹಲ್ಲು ಕಚ್ಚುವಂತಾಗುತ್ತಿತ್ತು.

ಅವರ ಎಡಗೈ ಸೋಲುತ್ತಿರುವುದು ನನಗೆ ಗೊತ್ತಾದದ್ದು ಸಿಗ್ನಲ್ಲಿನಲ್ಲಿ. ಕೆಂಪು ದೀಪ ದೂರದಲ್ಲಿ ಕಂಡ ಕೂಡಲೇ, ಗಾಡಿ ಇನ್ನೂ ಉರುಳುತ್ತಿರುವಾಗಲೇ ನ್ಯೂಟ್ರಲ್ ಮಾಡಿಬಿಡುತ್ತಿದ್ದರು. ನಿಂತಲ್ಲಿ ಕ್ಲಚ್ ಹಿಡಿದುಕೊಂಡಿರಲು ಆಗದವರು ಮಾಡುವ ಉಪಾಯ ಅದು. ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಡಬ್ಬಿಯ ಮುಚ್ಚಳವನ್ನು ನನ್ನ ಕಡೆ ತಳ್ಳಿ "ನಿಂಗೆ ಕೆಲಸ ಇಲ್ವಲ್ಲ, ತೆಗಿ" ಎನ್ನುವುದು. ಎಡಗೈಯಲ್ಲಿ ಹಿಡಿಯುತ್ತಿದ್ದ ಲೋಟ ಬಲಗೈಗೆ ಬಂದದ್ದು.

ಒಂದು ದಿನ ಊಟದ ನಡುವೆ ಅವರೇ ಸುದ್ದಿ ತೆಗೆದು ಅವರೇ ಮುಗಿಸಿದರು. "ಹೆಬ್ಬೆರಳಿನ ಬುಡದ ಕೀಲು ಸವೆದಿದೆಯಂತೆ. ನರಾನೂ ಒತ್ತಿಕೊಂಡಿದೆಯಂತೆ. ಮುಂದೆ ಸ್ಪರ್ಶ ಹೋಗಬಹುದು ಅಂದ್ರು ಡಾಕ್ಟರು. ಉಪ್ಪು ಕೊಡಿ."

ಮಾವ ಉಪ್ಪು ಕೊಡುವುದನ್ನು ಮರೆತು ಕುಳಿತರು.

"ನೋವಿದ್ರೆ ಓಡಿಸಬಹುದು" ಎಂದರು ಅತ್ತೆ, ತಾವೇ ಕೈಚಾಚಿ ಉಪ್ಪು ತೆಗೆದುಕೊಳ್ಳುತ್ತ. "ಕೈಗೆ ಗೊತ್ತಾಗದ ದಿನ ಓಡಿಸಬಾರದು. ಆ ದಿನ ಬಂದ್ರೆ ಸಂಗ್ರಹದವನಿಗೆ ಫೋನ್ ಮಾಡಿ ಕೊಟ್ಟುಬಿಡ್ತೀನಿ."

ಸಂಗ್ರಹದವನು ಎಂದರೆ ಹಳೇ ಗಾಡಿಗಳನ್ನು ಹೊಳೆಯುವಂತೆ ಒರೆಸಿ, ಯಾರೂ ಮುಟ್ಟದಂತೆ ಹಗ್ಗ ಕಟ್ಟಿದ ಹಜಾರದಲ್ಲಿ ನಿಲ್ಲಿಸಿಟ್ಟುಕೊಳ್ಳುವ ಒಬ್ಬ ಸಭ್ಯ ಮನುಷ್ಯ. ಅವನಿಗೆ ಈ ಗಾಡಿಯ ಮೇಲೆ ಬಹಳ ದಿನಗಳಿಂದ ಕಣ್ಣು. ಅವನ ಹಜಾರದಲ್ಲಿ ಯಾವ ಗಾಡಿಯ ಟ್ಯಾಂಕಿಗೂ ಪೆಟ್ರೋಲ್ ಹಾಕುವುದಿಲ್ಲ. ಗಾಡಿ ಅಲ್ಲಿಗೆ ಹೋದರೆ ಅತ್ತೆಯೂ ಅರ್ಧ ಹೋದ ಹಾಗೆಯೇ ಎಂದು ನಮ್ಮ ಮೂವರಿಗೂ ಗೊತ್ತಿತ್ತು.

ಅತ್ತೆ ಏಳುತ್ತಲೇ ನಾವು ಮೂವರು ತಲೆ ಸೇರಿಸಿದೆವು. ನನ್ನ ಗಂಡ ಲೇತಿನ ಕೆಲಸದವನು, ಕಾದ ಕಬ್ಬಿಣಕ್ಕೂ ಹೆದರದ ಅವನಿಗೆ ಭಯವಿರುವುದು ಅಮ್ಮನದೊಂದೇ. ಮಾವ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಆಯುಷ್ಯವಿಡೀ ಡ್ರೈವರಿನ ಹಿಂದೆ ನಿಂತವರು, ಮನೆಯಲ್ಲೂ ಹಾಗೇ.

"ಕ್ಲಚ್ ಹಗುರ ಮಾಡಿಕೊಳ್ಳಿ ಅಂತ ನೇರವಾಗಿ ಹೇಳಿದ್ರೆ?" ಎಂದೆ ನಾನು.

"ಬೆಕ್ಕಿಗೆ ಗಂಟೆ ನೀನು ಕಟ್ತೀಯಾ?" ಎಂದ ಗಂಡ. "ನಿನ್ನ ಕೈ ಸೋತಿದೆ ಅಂತ ಅಮ್ಮನ ಮುಖಕ್ಕೆ ಹೇಳಿದ ಹಾಗೇ ಅದು."

"ಯಾರೂ ಏನೂ ಮಾಡೋದು ಬೇಡ" ಎಂದರು ಮಾವ. "ಅವಳಾಗಿ ಅವಳು ಕೇಳಲಿ."

ಆಗಲಿ ಎಂದು ಮೂವರೂ ತಲೆಯಾಡಿಸಿದೆವು. ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೇ ನನಗೆ ಅನುಮಾನ ಬರಬೇಕಿತ್ತು.

ಮುಂದಿನ ವಾರ ಅತ್ತೆ ತಮ್ಮ ಅಕ್ಕನನ್ನು ನೋಡಿಬರಲು ಹೊರಟರು, ರೈಲಿನಲ್ಲಿ. ಅವರ ಗಾಡಿ ಗ್ಯಾರೇಜಿನಲ್ಲಿ ಒಂಟಿಯಾಗಿ ನಿಂತಿತು. ಅವರು ಬೀದಿ ತಿರುವಿನಲ್ಲಿ ಮರೆಯಾಗುವುದೇ ತಡ, ನನ್ನ ತಲೆ ಓಡತೊಡಗಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಳಗೆ ನೈಲಾನ್ ನಳಿಕೆ ಇರುವ ಹೊಸ ಕೇಬಲ್ ಹಾಕಿ, ಹ್ಯಾಂಡಲಿನ ಕುತ್ತಿಗೆಯ ಹತ್ತಿರದ ಬಾಗನ್ನು ಸ್ವಲ್ಪ ಸಡಿಲ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ? ಗಂಡನನ್ನು ಬೇರಿಂಗ್ ತರಲು ಕಳಿಸಿದೆ, ಮಾವನನ್ನು ತರಕಾರಿಗೆ ಕಳಿಸಿದೆ. ಇಬ್ಬರೂ ಒಂದು ಮಾತೂ ಆಡದೆ ಹೋದರು. ಕೆಲಸ ಮುಗಿಸಿ, ಹೊಸ ಕೇಬಲ್ಲಿಗೆ ನೆಲದ ಕೊಳೆ ತೀಡಿ ಹಳೆಯದರ ಬಣ್ಣ ಬರಿಸಿದೆ. ಬಟ್ಟೆ ಕಟ್ಟಲಿಲ್ಲ. ಕದ್ದು ಮಾಡುವ ಕೆಲಸಕ್ಕೆ ಬಾವುಟ ಯಾರು ಹಾರಿಸುತ್ತಾರೆ?

ಮರುದಿನ ಗಂಡ ನನಗೆ, "ಪಾಪ, ಅಪ್ಪನ್ನ ಕರ್ಕೊಂಡು ಒಂದು ಸಿನಿಮಾ ನೋಡಿ ಬಾ" ಎಂದ. ಮದುವೆಯಾದಾಗಿನಿಂದ ನನ್ನನ್ನೇ ಒಮ್ಮೆ ಸಿನಿಮಾಕ್ಕೆ ಕರೆದುಕೊಂಡು ಹೋಗದವನು! ಹೋದೆವು. ಅದರ ಮರುದಿನ ಮಾವ ನಮ್ಮಿಬ್ಬರಿಗೂ "ಗಂಡ ಹೆಂಡ್ತಿ ಸ್ವಲ್ಪ ಹೊರಗೆ ಸುತ್ತಾಡಿ, ಹೊಸಬರ ಹಾಗೆ" ಎಂದು ನಾಚಿಕೊಂಡೇ ಹೇಳಿದರು. ಎಷ್ಟು ಒಳ್ಳೆಯ ಮನೆ ಸೇರಿದೆ ಎಂದು ನಾನು ದಾರಿಯುದ್ದಕ್ಕೂ ಸಂತೋಷಪಟ್ಟೆ.

ಅತ್ತೆ ಬಂದವರೇ ಚೀಲ ಇಳಿಸಿ ಗಾಡಿಯ ಹತ್ತಿರ ಹೋದರು. ರೂಢಿಯಂತೆ ಲಿವರನ್ನು ಒಮ್ಮೆ ಎಳೆದು ಬಿಟ್ಟರು. ನಾನು ಪರದೆಯ ಹಿಂದಿನಿಂದ ನೋಡುತ್ತಿದ್ದೆ. ಅವರು ಇನ್ನೊಮ್ಮೆ ಎಳೆದರು. ತಮ್ಮ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು. ಏನೂ ಹೇಳದೆ ಒಳಗೆ ಬಂದು ಕೈಕಾಲು ತೊಳೆದರು. ಗೊತ್ತಾಗಲಿಲ್ಲ ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ. ಅಡುಗೆಮನೆಯಲ್ಲಿ ಮಾವನ ಮುಖವೂ ಗಂಡನ ಮುಖವೂ ಅರಳಿದ್ದವು. ಅತ್ತೆ ಬಂದ ಖುಷಿ ಇರಬೇಕು ಎಂದುಕೊಂಡೆ.

ಊರಾಚೆ ಕೆಲಸ ನಿಂತ ಒಂದು ಕಲ್ಲುಗಣಿ ಇದೆ. ವರ್ಷಕ್ಕೊಮ್ಮೆ ಹಳೇ ಗಾಡಿಯವರೆಲ್ಲ ಅಲ್ಲಿ ಸೇರಿ ಗಣಿಯ ಏರು ಹತ್ತುತ್ತಾರೆ. ಆ ದಿನ ಹತ್ತಿರ ಬರುತ್ತಿತ್ತು, ಅಭ್ಯಾಸಕ್ಕೆಂದು ಭಾನುವಾರ ಬೆಳಿಗ್ಗೆ ಹೊರಟೆವು. ಮುಂದೆ ಅತ್ತೆಯ ಗಾಡಿ, ಹಿಂದೆ ಗಂಡನ ವ್ಯಾನಿನಲ್ಲಿ ನಾವು.

ಗಣಿಯ ಗೇಟಿನ ಹತ್ತಿರವೇ ಏನೋ ಸರಿಯಿಲ್ಲ ಎನ್ನಿಸಿತು. ಅತ್ತೆ ಲಿವರನ್ನು ಹ್ಯಾಂಡಲಿಗೆ ತಾಗುವವರೆಗೆ ಎಳೆದು ಹಿಡಿದಿದ್ದರೂ ಗಾಡಿ ಹಗ್ಗ ಎಳೆಯುವ ಕರುವಿನ ಹಾಗೆ ಮುಂದಕ್ಕೆ ತುಯ್ಯುತ್ತಿತ್ತು. ಗೇರು ಕರಕರ ಎಂದಿತು, ಇಂಜಿನ್ ಎರಡು ಸಲ ನಿಂತಿತು. ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ! ನನ್ನ ಕೇಬಲ್ಲೇ ಸಡಿಲವಾಗಿರಬೇಕು ಎಂದುಕೊಂಡು ವ್ಯಾನಿನಿಂದ ಇಳಿದೆ. ಅಷ್ಟರಲ್ಲಿ ಅತ್ತೆ ಏರಿಗೆ ಗಾಡಿ ಹತ್ತಿಸಿದ್ದರು. ಅರ್ಧ ಏರಿನಲ್ಲಿ ಇಂಜಿನ್ ಕಿರುಚತೊಡಗಿತು, ಆದರೆ ಚಕ್ರಕ್ಕೆ ಶಕ್ತಿ ಬರಲಿಲ್ಲ. ಈಗ ಕ್ಲಚ್ಚು ಹಿಡಿಯುತ್ತಿಲ್ಲ, ಜಾರುತ್ತಿದೆ. ಗಾಡಿ ನಿಧಾನವಾಗಿ ಹಿಂದಕ್ಕೆ ಸರಿಯಿತು. ಅತ್ತೆ ಅದನ್ನು ಪಕ್ಕಕ್ಕೆ ಮಲಗಿಸಿ, ಕಾಲು ತೆಗೆದು, ಕಲ್ಲಿನ ಮೇಲೆ ಕುಳಿತುಬಿಟ್ಟರು. ಪೆಟ್ಟಾಗಿರಲಿಲ್ಲ.

ಓಡಿ ಹೋದೆ. "ಅತ್ತೆ, ಬಿಚ್ಚಿ ನೋಡ್ತೀನಿ, ಏನೋ ಆಗಿದೆ."

"ಏನ್ ನೋಡ್ತೀಯ?" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ಕ್ಲಚ್ಚು ಒಂದೋ ಹಿಡಿಯಲ್ಲ, ಇಲ್ಲಾ ಬಿಡಲ್ಲ. ಒಂದೇ ಕ್ಲಚ್ಚಿಗೆ ಎರಡೂ ಕಾಯಿಲೆ ಒಟ್ಟಿಗೆ ಬಂದದ್ದು ನೀನು ನೋಡಿದ್ದೀಯಾ?"

ನೋಡಿರಲಿಲ್ಲ.

"ಗಾಡಿಗೆ ಏನೂ ಆಗಿಲ್ಲ. ಎಳೆಯೋದು ಎಷ್ಟು, ಬಿಡೋದು ಎಷ್ಟು ಅಂತ ನನ್ನ ಕೈಗೆ ಗೊತ್ತಾಗ್ತಿಲ್ಲ. ಅಕ್ಕನ ಮನೆಯಿಂದ ಬಂದ ದಿನವೇ ಅನುಮಾನ ಬಂತು ನಂಗೆ. ಲಿವರ್ ಎಳೆದ್ರೆ ಗಾಳಿ ಎಳೆದ ಹಾಗಿತ್ತು. ಭಾರವೇ ಇಲ್ಲ." ಅವರು ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದರು. "ಸ್ಪರ್ಶ ಹೋಯ್ತು. ಡಾಕ್ಟರು ಹೇಳಿದ್ದು ಸರಿ."

ಹಗುರ ಮಾಡಿದ್ದು ನಾನು, ಕೈ ಸತ್ತಿತೆಂದು ನಂಬಿದ್ದು ಅವರು. ಗಣೇಶನನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಆದರೂ ಒಂದು ಒಗಟು ಉಳಿದಿತ್ತು. ಕೇಬಲ್ ಬದಲಿಸಿದ್ದಕ್ಕೆ ಕ್ಲಚ್ಚು ಜಾರಬಾರದು. ಹಾಗಾದರೆ ಅವರ ಕೈ ನಿಜವಾಗಿಯೂ ಹೋಗಿದೆಯೇ? ಹೋಗಿದ್ದರೆ, ನಿಜ ಹೇಳಿ ಅವರನ್ನು ಮತ್ತೆ ಗಾಡಿ ಹತ್ತಿಸುವುದು ಹೇಗೆ?

ಅತ್ತೆ ಅಲ್ಲಿಂದಲೇ ಸಂಗ್ರಹದವನಿಗೆ ಫೋನ್ ಮಾಡಿದರು.

ನಾವು ಗಾಡಿಯನ್ನು ವ್ಯಾನಿನಲ್ಲಿ ಮನೆಗೆ ತಂದು ನಿಲ್ಲಿಸಿದೆವು. ಅವನು ಮಧ್ಯಾಹ್ನದ ಹೊತ್ತಿಗೇ ತನ್ನ ಟೆಂಪೊ, ಹಗ್ಗ, ಮೆತ್ತನೆಯ ಕಂಬಳಿ ಎಲ್ಲ ತಂದ. ಒಳ್ಳೆಯವನೇ. ಆದರೆ ಆ ಕಂಬಳಿ ಕಂಡು ನನಗೆ ಮೈ ಉರಿಯಿತು. ಅತ್ತೆ ಗಾಡಿಯ ಟ್ಯಾಂಕನ್ನು ಒಮ್ಮೆ ಸವರಿ, ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟರು. ಮಾವ ಗೋಡೆಗೆ ಮುಖ ಮಾಡಿ ನಿಂತಿದ್ದರು.

"ಅತ್ತೆ, ಒಂದು ಮಾತು..." ಎಂದೆ.

"ನಡುವೆ ಬಾಯಿ ಹಾಕಬೇಡ. ನಂಗೆ ಕಷ್ಟ ಆಗ್ತಿದೆ" ಎಂದರು.

ಸಂಗ್ರಹದವನು ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ತಳ್ಳಲೆಂದು ಹ್ಯಾಂಡಲ್ ಹಿಡಿದು ಲಿವರ್ ಎಳೆದ. ಎಳೆದವನು ನಕ್ಕುಬಿಟ್ಟ.

"ಅಯ್ಯೋ ಅಮ್ಮ, ಈ ಗಾಡಿಯ ಕ್ಲಚ್ಚು ಕಲ್ಲು ಕಲ್ಲು ಅಂತ ಊರೆಲ್ಲ ಹೇಳ್ತಾರೆ! ಇದು ಸೈಕಲ್ ಬ್ರೇಕಿಗಿಂತ ಮೆತ್ತಗಿದೆಯಲ್ಲ."

ಅತ್ತೆ ಒಳಗೆ ಹೋಗಲು ಎತ್ತಿದ ಕಾಲನ್ನು ಅಲ್ಲೇ ನಿಲ್ಲಿಸಿದರು. "ಏನಂದ್ರಿ?"

"ಮೆತ್ತಗಿದೆ ಅಂದೆ."

"ಇನ್ನೊಂದು ಸಲ ಎಳೀರಿ. ನಿಮಗೂ ಹಗುರ ಅನಿಸ್ತಿದೆಯಾ? ಸರಿಯಾಗಿ ಹೇಳಿ."

"ಹೌದಮ್ಮ. ಎರಡು ಬೆರಳಲ್ಲಿ ಬರ್ತಿದೆ."

ಅತ್ತೆ ನಿಧಾನವಾಗಿ ನಮ್ಮ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಎಂದು ಯಾರೂ ಇನ್ನೂ ಅಂದಿರಲಿಲ್ಲ, ನಾವು ಮೂವರೂ ಹೆಗಲು ಮುಟ್ಟಿ ನೋಡಿಕೊಂಡಾಗಿತ್ತು.

"ನಾನೇ, ಅತ್ತೆ" ಎಂದೆ. "ಕೇಬಲ್ ಬದಲಾಯಿಸಿದೆ. ದಾರಿಯೂ ಸರಿಮಾಡಿದೆ."

"ನೀನಾ?" ಎಂದು ಗಂಡ ನನ್ನ ಕಡೆ ಕಣ್ಣು ಬಿಟ್ಟ. "ನಾನು ಕೆಳಗಿನ ತೋಳಿಗೆ ಒಂದು ಬೆರಳಗಲ ಕಬ್ಬಿಣ ಬೆಸುಗೆ ಹಾಕಿ ಉದ್ದ ಮಾಡಿದ್ದೀನಿ!"

ಮಾವ ಗೋಡೆಯ ಕಡೆಯಿಂದ ತಿರುಗಲೇ ಇಲ್ಲ. "ಸ್ಪ್ರಿಂಗು" ಎಂದರು ಗೋಡೆಗೆ.

"ಏನು?" ಅತ್ತೆಯ ಧ್ವನಿ ಏರಿತು.

"ಆ ಡಬ್ಬಿಯಲ್ಲಿ ಚಿಕ್ಕ ಗಾಡಿಯ ಮೆತ್ತನೆ ಸ್ಪ್ರಿಂಗುಗಳಿದ್ವಲ್ಲ, ಅವನ್ನ ಹಾಕಿದೆ. ಇಷ್ಟು ವರ್ಷ ನಿನಗೆ ಲೈಟು ಹಿಡಿದು ನಿಂತಿದ್ದೀನಿ, ಅಷ್ಟು ಬರೋದಿಲ್ವಾ ನಂಗೆ?"

ಆಗ ನನ್ನ ತಲೆಯಲ್ಲಿ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ತೋಳು ಉದ್ದವಾದರೆ ಎಳೆತ ಹಗುರ, ಆದರೆ ಅದು ಹೆಚ್ಚು ದೂರ ಸಾಗಬೇಕು. ಮುಷ್ಟಿ ಎಳೆಯುವ ದೂರ ಅಷ್ಟೇ ಇರುವುದರಿಂದ ಪ್ಲೇಟುಗಳು ಪೂರ್ತಿ ಬಿಡುವುದಿಲ್ಲ. ಸ್ಪ್ರಿಂಗು ಮೆತ್ತಗಾದರೆ ಅವೇ ಪ್ಲೇಟುಗಳು ಗಟ್ಟಿಯಾಗಿ ಹಿಡಿಯುವುದೂ ಇಲ್ಲ. ಎತ್ತು ಏರಿಗೆಳೆದಿತ್ತು, ಕೋಣ ನೀರಿಗೆಳೆದಿತ್ತು. ಎತ್ತು ನನ್ನ ಗಂಡ. ಇನ್ನೊಂದು ಯಾರೆಂದು ಹೇಳಿದರೆ ಮಾವನಿಗೆ ಬೇಜಾರಾಗುತ್ತದೆ.

ಅತ್ತೆ ಮೊದಲು ನಕ್ಕರು. ದೊಡ್ಡದಾಗಿ, ಗೋಡೆ ಹಿಡಿದುಕೊಂಡು ನಕ್ಕರು. ನಾವೂ ಬದುಕಿದೆವು ಎಂದು ನಗಲು ಶುರುಮಾಡುವಷ್ಟರಲ್ಲಿ ಅವರ ಮುಖ ಕದಡಿತು.

"ನನ್ನ ಕೈ ಸತ್ತಿದೆ ಅಂತ ನಂಬಿಸಿದ್ರಲ್ಲ ನನ್ನನ್ನ" ಎಂದರು. "ಬಂದಾಗಿನಿಂದ ಬಿಸಿ ಲೋಟ ಹಿಡಿದು ನೋಡ್ತಿದ್ದೀನಿ, ಸುಡ್ತದೋ ಇಲ್ವೋ ಅಂತ. ಸುಟ್ಟರೂ ನಂಬಿಕೆ ಬರ್ತಿರಲಿಲ್ಲ. ಯಾರ ಹತ್ತಿರ ಹೇಳಲಿ? ಒಂದು ಮಾತು ನನ್ನ ಕೇಳಬಾರದಿತ್ತಾ?"

ನನ್ನ ಕೋಪವೂ ಆಗ ಕಟ್ಟೆಯೊಡೆಯಿತು. "ಕೇಳಿದ್ರೆ ಹೇಳ್ತಿದ್ರಾ? ಮುಚ್ಚಳ ತೆಗೆಯೋಕಾಗಲ್ಲ ಅಂತ ಹೇಳಿದ್ರಾ? ಸಿಗ್ನಲ್ಲಿನಲ್ಲಿ ಕ್ಲಚ್ ಹಿಡಿಯೋಕಾಗಲ್ಲ ಅಂತ? ನಾವೇನು ಹೊರಗಿನವರಾ? ನೋಡ್ತಾ ನೋಡ್ತಾ ನಮ್ಮ ಹೊಟ್ಟೆ ಉರೀತಿತ್ತು ಅತ್ತೆ!"

ಅತ್ತೆಯ ಎದುರು ನಾನು ಹಾಗೆ ಕೂಗಿದ್ದು ಅದೇ ಮೊದಲು. ಸಂಗ್ರಹದವನು ಪಾಪ, ಕಂಬಳಿ ಮಡಿಸುತ್ತ ನಿಂತ.

"ಇಲ್ಲ" ಎಂದರು ಅತ್ತೆ. "ಹೇಳ್ತಿರಲಿಲ್ಲ."

ಆಮೇಲೆ ಸ್ಟೂಲು ಎಳೆದುಕೊಂಡು ಗಾಡಿಯ ಪಕ್ಕ ಕುಳಿತರು. "ಎಲ್ಲ ಮೊದಲಿದ್ದ ಹಾಗೆ ಮಾಡಿ. ಒಂದೂ ಬಿಡದ ಹಾಗೆ."

ಸಂಗ್ರಹದವನಿಗೆ ಒಂದು ಲೋಟ ಟೀ ಕೊಟ್ಟು ಕೂರಿಸಿದೆವು. ಹೋಗಲು ಅವನಿಗೂ ಮನಸ್ಸಿರಲಿಲ್ಲ. ಮಾವ ತಾವು ಬಚ್ಚಿಟ್ಟಿದ್ದ ಹಳೇ ಸ್ಪ್ರಿಂಗುಗಳನ್ನು ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟರು. ಗಂಡ ತೋಳಿನ ಬೆಸುಗೆ ಕತ್ತರಿಸಿ, ಉಜ್ಜಿ, ಮೊದಲಿನ ತೂತಿಗೇ ತಂದ. ನಾನು ತುಕ್ಕು ಹಿಡಿದ ಹಳೇ ಕೇಬಲ್ಲನ್ನು ಅದೇ ಕೆಟ್ಟ ಬಾಗಿನಲ್ಲಿ ಮತ್ತೆ ಹಾಕಿದೆ. ಚೆನ್ನಾಗಿರುವುದನ್ನು ಬಿಚ್ಚಿ ಕೆಟ್ಟದ್ದನ್ನು ಜೋಡಿಸುವ ಕೆಲಸ ಆ ಗ್ಯಾರೇಜಿನಲ್ಲಿ ಹಿಂದೆಂದೂ ನಡೆದಿರಲಿಲ್ಲ.

ಮುಗಿದ ಮೇಲೆ ಅತ್ತೆ ಎದ್ದರು. ಎಡಗೈಯನ್ನು ಸೀರೆಗೆ ಒರೆಸಿಕೊಂಡರು. ಲಿವರಿನ ಮೇಲೆ ನಾಲ್ಕು ಬೆರಳಿಟ್ಟರು, ಎಳೆಯಲಿಲ್ಲ. ಅವರಿಗೆ ಹೆದರಿಕೆಯಾಗಿತ್ತು. ಕೈ ನಿಜವಾಗಿಯೂ ಹೋಗಿದ್ದರೆ ಎಂಬ ಹೆದರಿಕೆ ನನಗೂ ಇತ್ತು. ಮಾವ ಹತ್ತಿರ ಬಂದು ನಿಂತು, ಬಸ್ಸಿನಲ್ಲಿ ಅನ್ನುತ್ತಿದ್ದ ಹಾಗೆ ಮೆಲ್ಲಗೆ "ರೈಟ್" ಎಂದರು.

ಅತ್ತೆ ಎಳೆದರು.

ಅವರ ಹುಬ್ಬು ಗಂಟಿಕ್ಕಿತು. ತುಟಿ ಕಚ್ಚಿಕೊಂಡರು. ಹೆಬ್ಬೆರಳು ಗಡಗಡ ನಡುಗಿತು. ಲಿವರ್ ಅರ್ಧಕ್ಕೆ ಬಂದು ನಿಂತಿತು.

"ನೋವಾಯ್ತಾ ಅತ್ತೆ?"

"ಆಯ್ತು" ಎಂದರು. ಕಣ್ಣಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯಿತು, ಬಾಯಿ ಮಾತ್ರ ನಗುತ್ತಿತ್ತು. "ಜೀವ ಹೋಗೋಷ್ಟು ನೋವಾಗ್ತಿದೆ. ಎಷ್ಟು ಚೆನ್ನಾಗಿ ಗೊತ್ತಾಗ್ತಿದೆ ನೋಡು!"

ಸಂಗ್ರಹದವನು ಸದ್ದಿಲ್ಲದೆ ಎದ್ದು ಬೀಗದ ಕೈಯನ್ನು ಸ್ಟೂಲಿನ ಮೇಲಿಟ್ಟು ಹೋದ. ಅತ್ತೆ ಲಿವರ್ ಬಿಟ್ಟು, ಮೂಲೆಯಲ್ಲಿದ್ದ ಒಂದು ಬಟ್ಟೆ ಚೂರನ್ನು ತೆಗೆದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಅವರ ಗಾಡಿಗೆ ಕಟ್ಟಿದೆ.

"ಈಗ ಹಗುರ ಮಾಡು" ಎಂದರು. "ನನ್ನ ಕಣ್ಣೆದುರಿಗೆ. ಕೇಬಲ್ಲಿನಿಂದ ಶುರು ಮಾಡು, ಸ್ಪ್ರಿಂಗಿಗೆ ಹೋಗಬೇಡ."

"ಮೊದಲು ಹೇಳಿ, ಎಲ್ಲಿ ನೋಯುತ್ತೆ?"

ಒಂದು ಕ್ಷಣ ಅವರ ಹಳೇ ಮುಖ ಬಂದು ಹೋಯಿತು. ಆಮೇಲೆ ಎಡಗೈಯನ್ನು ನನ್ನ ಗ್ರೀಸಿನ ಅಂಗೈಯಲ್ಲಿಟ್ಟು, ಬಲಗೈ ಬೆರಳಿನಿಂದ ಹೆಬ್ಬೆರಳ ಬುಡವನ್ನು ಮುಟ್ಟಿ ತೋರಿಸಿದರು.

"ಇಲ್ಲಿ" ಎಂದರು. "ಮೆಲ್ಲಗೆ ಮುಟ್ಟು."